ಭುಜ ಇಳಿಸೇ ಮಾರಾಯ್ತಿ

ಅತ್ತೆ: ಭುಜ ಇಳಿಸು ಅಂದೆ. ಎಣ್ಣೆ ಹಚ್ಚೋದು ಭುಜಕ್ಕೋ ಕಿವಿಗೋ? ಎರಡೂ ಒಂದೇ ಕಡೆ ಬಂದು ಕೂತಿವೆ.

ನಾನು: ಇಳಿಸೇ ಇದ್ದೀನಿ ಅತ್ತೆ. ಇನ್ನೂ ಇಳಿಸಿದ್ರೆ ಮಂಚದ ಕೆಳಗೆ ಹೋಗುತ್ತೆ.

ಅತ್ತೆ: ಹೋಗಲಿ ಬಿಡು. ಅಲ್ಲಿ ನಿನ್ನ ಫೋನ್ ಇದೆಯಲ್ಲ, ಜೊತೆಗಾಗುತ್ತೆ.

ಸಿಕ್ಕಿಬಿದ್ದೆ. ಮಗ ಸುದೀಪ ಪ್ಲೇಹೋಮ್ ಸೇರಿದ ದಿನದಿಂದ ನನ್ನ ಕತ್ತು ಎಡಕ್ಕೆ ತಿರುಗುತ್ತಿಲ್ಲ. ಎಕ್ಸ್‌-ರೇಯಲ್ಲಿ ಏನೂ ಇಲ್ಲ, ಬರೀ ಸ್ಟ್ರೆಸ್ಸು ಎಂದರು ಡಾಕ್ಟರು. ಸುದ್ದಿ ಕೇಳಿದ್ದೇ ಅತ್ತೆ ಭದ್ರಾವತಿಯ ನ್ಯೂ ಟೌನಿನಿಂದ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಬಂದಿಳಿದು, ಎಳ್ಳೆಣ್ಣೆ ಬೆಚ್ಚಗೆ ಮಾಡಿ, ನನ್ನನ್ನು ಮಂಚದ ಮೇಲೆ ಬೋರಲು ಮಲಗಿಸಿದ್ದರು. ನಾನು ಮಂಚದಾಚೆಗೆ ತಲೆ ಚಾಚಿ, ನೆಲದ ಮೇಲಿಟ್ಟ ಫೋನಿನಲ್ಲಿ ಪ್ಲೇಹೋಮಿನ ಲೈವ್ ಕ್ಯಾಮೆರಾ ನೋಡುತ್ತಿದ್ದೆ.

ಅತ್ತೆ: ಅಲ್ವೇ, ಶಾಲೆಗೆ ಸೇರಿದ್ದು ಮಗು. ಹಿಡ್ಕೊಂಡಿದ್ದು ನಿನ್ನ ಕತ್ತು. ಇದ್ಯಾವ ಲೆಕ್ಕ?

ನಾನು: ಗಾಬರಿಯಾದ್ರೆ ಸ್ನಾಯು ಬಿಗಿಯಾಗುತ್ತಂತೆ ಅತ್ತೆ. ಗೂಗಲ್‌ನಲ್ಲಿ ಓದಿದೆ.

ಅತ್ತೆ: ಓದಿದ ಮೇಲೆ ಸಡಿಲ ಆಯ್ತಾ?

ನಾನು: ಇಲ್ಲ. ಇನ್ನೊಂಚೂರು ಬಿಗಿ ಆಯ್ತು.

ಅತ್ತೆಯ ಹೆಬ್ಬೆರಳು ಕತ್ತಿನ ಬುಡದಲ್ಲಿ ನಿಧಾನ ಒತ್ತಿ ಒತ್ತಿ ಇಳಿಯಿತು. ಒಳಗೆ ಏನೋ ಕರಗಿದಂತಾಯಿತು.

ನಾನು: ಹಾಂ... ಅಲ್ಲೇ. ಅಲ್ಲೇ ಒತ್ತಿ.

ಅತ್ತೆ: ಇದು ಸೋಮವಾರದ ಗಂಟು. ಇದು ಮಂಗಳವಾರದ್ದು. ಇದ್ಯಾವುದೇ ಇಷ್ಟು ದೊಡ್ಡದು?

ನಾನು: ನೀವು ಬರ್ತೀನಿ ಅಂತ ಫೋನ್ ಮಾಡಿದ್ರಲ್ಲ, ಆವತ್ತಿಂದಿರಬೇಕು.

ಅತ್ತೆ: ಹಾಗಾದ್ರೆ ಇದಕ್ಕೆ ಮೊಣಕೈಯೇ ಸರಿ.

ನಾನು: ಅಯ್ಯಯ್ಯೋ! ಅಳ್ತಿದ್ದಾನೆ!

ಅತ್ತೆ: ಅಳ್ತಿರೋಳು ನೀನು.

ನಾನು: ಸುದೀಪ ಅತ್ತೆ! ನೋಡಿ, ಬಾಗಿಲ ಹತ್ರ!

ಅತ್ತೆ: ಅಂಗೈಯಗಲದ ಫೋನು, ಎಲ್ಲವೂ ಹಳದಿ ಅಂಗಿ. ನಿನ್ನ ಮಗ ಯಾವನು ಅಂತ ಹೇಗೆ ಗೊತ್ತಾಗುತ್ತೆ ಮಾರಾಯ್ತಿ?

ನಾನು: ಬೋಳು ತಲೆ! ಹೋದ ವಾರ ತಾನೇ ಜವಳ ತೆಗೆಸಿದ್ವಲ್ಲ. ಪಾಪ, ಬಿಕ್ಕಿ ಬಿಕ್ಕಿ ಅಳ್ತಿದ್ದಾನೆ.

ಅತ್ತೆ: ಅವನು ಬಿಕ್ಕಿದ್ರೆ ನಿನ್ನ ಹಲ್ಲು ಯಾಕೆ ಕಟಕಟ ಅಂತಿದೆ? ಹಲ್ಲು ಬಿಡು. ಹೊಟ್ಟೆ ಬಿಡು. ಉಸಿರು ಬಿಡು.

ನಾನು: ಎಲ್ಲಾ ಬಿಟ್ರೆ ಉಳಿಯೋದೇನು?

ಅತ್ತೆ: ಫೋನು. ಅದನ್ನೆಲ್ಲಿ ಬಿಡ್ತೀಯ!

ನಾನು: ಮಿಸ್ ತಿರುಗಿಯೂ ನೋಡ್ತಿಲ್ಲ! ಸಾಕು, ಈಗಲೇ ಹೋಗಿ ಕರ್ಕೊಂಡು ಬರ್ತೀನಿ. ನಾಳೆಯಿಂದ ಪ್ಲೇಹೋಮೇ ಬೇಡ.

ಅತ್ತೆ: ಹೌದೌದು. ಮದುವೆ ಆಗೋವರೆಗೂ ಮಡಿಲಲ್ಲೇ ಇಟ್ಕೊ. ಸ್ಕೂಟರಲ್ಲಿ ತಾನೇ ಹೋಗೋದು? ಎಡಗಡೆಯಿಂದ ಬಸ್ ಬಂದ್ರೆ ಕತ್ತು ಬದಲು ಗಾಡೀನೇ ತಿರುಗಿಸ್ತೀಯಾ?

ಹೋಗುವ ಬದಲು, ಮಂಚದ ಮೇಲೇ ಎದ್ದು ಕೂತು ಪ್ಲೇಹೋಮಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ.

ನಾನು: ಶೀಲಾ ಮಿಸ್, ನಾನು ಸುದೀಪನ ಅಮ್ಮ. ಮಗು ಬಾಗಿಲ ಹತ್ರ ಆಗಿಂದ ಅಳ್ತಿದೆ. ನಿಮಗೆ ಕಾಣ್ತಾನೇ ಇಲ್ವಾ?

ಶೀಲಾ ಮಿಸ್: ಸುದೀಪನಾ? ಅವನು ಮೂಲೇಲಿ ಕೂತು ಲಾರಿ ಓಡಿಸ್ತಿದ್ದಾನೆ ಮೇಡಂ. ಬೇರೆ ಮಕ್ಕಳಿಗೆ ಕೊಡು ಅಂದ್ರೆ ಕೇಳ್ತಾನೇ ಇಲ್ಲ. ಬಾಗಿಲ ಹತ್ರ ಇರೋದು ಇವತ್ತು ಸೇರಿದ ಮಗು. ಅವನಿಗೂ ಜವಳ ಆಗಿದೆ.

ಫೋನಿಟ್ಟು ಮತ್ತೆ ಕ್ಯಾಮೆರಾ ನೋಡಿದೆ. ಹೌದು, ಮೂಲೆಯಲ್ಲಿ ಇನ್ನೊಂದು ಬೋಳು ತಲೆ, ಕೈಯಲ್ಲಿ ಲಾರಿ, ಮುಖದ ತುಂಬಾ ನಗು. ಅತ್ತೆ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡರು. ನಾನೇ ಫೋನನ್ನು ಮಗುಚಿಟ್ಟು ಮಲಗಿದೆ. ಬೆಚ್ಚನೆಯ ಅಂಗೈ ಕತ್ತಿನಿಂದ ಸೊಂಟದವರೆಗೆ ಹೋಗಿ ಬಂತು, ಹೋಗಿ ಬಂತು.

ನಾನು: ಅತ್ತೆ, ಕತ್ತು ತಿರುಗ್ತಿದೆ! ಎಡಕ್ಕೆ!

ಅತ್ತೆ: ಉಳುಕುತ್ತೆ, ಸುಮ್ಮನಿರು.

ನಾನು: ಆದ್ರೂ ಪಾಪ, ಆ ಮಗುವಿನ ಅಮ್ಮನೂ ಈಗ ಕ್ಯಾಮೆರಾ ನೋಡ್ತಿರ್ತಾಳಲ್ವಾ? ಅವಳ ಕತ್ತಿನ ಗತಿ ಏನು?

ಅತ್ತೆ: ಅವಳಿಗೇನೇ! ಲಾರಿ ಓಡಿಸ್ತಿರೋ ಬೋಳು ತಲೆ ನೋಡ್ಕೊಂಡು ಆರಾಮಾಗಿ ಇರ್ತಾಳೆ.