ಕೊನೆಯ ಹನಿಯ ಐದು ಸೆಕೆಂಡು

ಕಳೆದ ಸೋಮವಾರ ಬೆಳಗ್ಗೆ ಆರು ಮುಕ್ಕಾಲಿಗೆ, ದುದ್ದ ಹೋಬಳಿಯ ಒಂದು ಊರಿನ ಹಾಲಿನ ಡೇರಿಯಲ್ಲಿ, ಜಯಮ್ಮ ಎಂಬುವರು ಕ್ಯಾನನ್ನು ಇನ್ನೂ ಬೋರಲು ಹಿಡಿದಿರುವಾಗಲೇ ತೂಕದ ಯಂತ್ರ ಚೀಟಿ ಮುದ್ರಿಸಿ ಕೊಟ್ಟಿತು. ಚೀಟಿಯಲ್ಲಿ ಅವರ ಹೆಸರು ಮೊದಲ ಬಾರಿಗೆ ಕನ್ನಡದಲ್ಲಿತ್ತು. ಹಾಲು ಐವತ್ತು ಗ್ರಾಂ ಕಡಿಮೆ ಇತ್ತು. ಊರಿನ ಹೆಸರು ಬರೆಯುತ್ತಿಲ್ಲ. ನಾನು ಮತ್ತೆ ಅಲ್ಲಿಗೆ ಹೋಗಬೇಕು.

ಹಾಸನದ ಒಂದು ಸಣ್ಣ ಪತ್ರಿಕೆಯಲ್ಲಿ ಹದಿನೆಂಟು ವರ್ಷ ಉಪಸಂಪಾದಕನಾಗಿದ್ದೆ. ಕತ್ತರಿಸುವುದೇ ಕೆಲಸ. ಅರಕಲಗೂಡಿನ ವರದಿಗಾರರೊಬ್ಬರು ಬಸ್ ತಂಗುದಾಣದ ಉದ್ಘಾಟನೆಯ ಸುದ್ದಿಯಲ್ಲಿ ‘ಉಪಸ್ಥಿತರಿದ್ದರು’ ಎಂದು ನಲವತ್ತೊಂದು ಹೆಸರು ಕಳಿಸಿದ್ದರು. ನಲವತ್ತನ್ನು ಹೊಡೆದುಹಾಕಿದೆ. ಅವರು ಎರಡು ವರ್ಷ ನನ್ನೊಡನೆ ಮಾತು ಬಿಟ್ಟರು. ಪತ್ರಿಕೆ ನಿಂತ ಮೇಲೆ ಹಳೆಯ ಎಲೆಕ್ಟ್ರಾನಿಕ್ಸ್ ಹುಚ್ಚು ಕೈಹಿಡಿಯಿತು. ಡೇರಿಗಳ ತೂಕದ ಯಂತ್ರಗಳ ಉಸ್ತುವಾರಿ ಶುರುವಾಯಿತು. ಯಂತ್ರದೊಳಗಿನ ಮೆಮೊರಿ ಚಿಪ್ಪಿನಲ್ಲಿ ಜಾಗ ಬಹಳ ಕಡಿಮೆ. ಅದಕ್ಕೆಂದು ನಾನೇ ಒಂದು ಪ್ರೋಗ್ರಾಂ ಬರೆದೆ. ಯಂತ್ರಕ್ಕೆ ಕೊಡುವ ಆಜ್ಞೆಗಳನ್ನು ಅದು ಒಂದೊಂದಾಗಿ ಓದಿ, ಬೇಡದ್ದನ್ನು ಕಿತ್ತು, ಉಳಿದದ್ದನ್ನು ಬಿಗಿ ಮಾಡುತ್ತದೆ. ಒಂದು ಲೆಕ್ಕದಲ್ಲಿ ಅದೂ ಉಪಸಂಪಾದಕನೇ. ಪ್ರತಿ ಚೀಟಿಯ ಕೊನೆಗೆ ‘ಉಸ್ತುವಾರಿ’ ಎಂದು ನನ್ನ ಹೆಸರು ಇಂಗ್ಲಿಷಿನಲ್ಲಿ ಬರುತ್ತಿತ್ತು. ಅದನ್ನು ಮಾತ್ರ ಅದು ಕೀಳುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಆ ಊರಿನ ಡೇರಿಯ ಕಾರ್ಯದರ್ಶಿ ನಂಜೇಗೌಡರು, ಚೀಟಿಯಲ್ಲಿ ಹಾಲು ಹಾಕುವವರ ಹೆಸರು ಕನ್ನಡದಲ್ಲಿ ಬರಬೇಕೆಂದರು. ನ್ಯಾಯವಾದ ಬೇಡಿಕೆ. ಚಿಪ್ಪಿನಲ್ಲಿ ಜಾಗ ಮಾಡಬೇಕು, ಪ್ರೋಗ್ರಾಂ ಓಡಿಸಬೇಕು. ಅದೇ ವಾರ ನನ್ನ ವಿಂಡೋಸ್ ಕಂಪ್ಯೂಟರ್ ಪ್ರಾಣ ಬಿಟ್ಟಿತು. ಚನ್ನರಾಯಪಟ್ಟಣದಿಂದ ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್ ಎಂಬ ಬೇರೆಯೇ ವ್ಯವಸ್ಥೆ. ಒಂದರಲ್ಲಿ ಓಡುವುದು ಇನ್ನೊಂದರಲ್ಲಿ ಓಡದು. ಅರ್ಧಕ್ಕರ್ಧ ಹೊಸದಾಗಿ ಬರೆಯಬೇಕು.

ಇಲ್ಲಿ ನನ್ನ ಆಕ್ಷೇಪವನ್ನು ದಾಖಲಿಸುತ್ತೇನೆ. ಫೋಲ್ಡರುಗಳ ಹೆಸರಿನ ನಡುವಿನ ಓರೆಗೆರೆ ವಿಂಡೋಸಿನಲ್ಲಿ ಒಂದು ಕಡೆಗೆ ವಾಲಿದರೆ ಲಿನಕ್ಸಿನಲ್ಲಿ ಇನ್ನೊಂದು ಕಡೆಗೆ ವಾಲಬೇಕಂತೆ. ಯಾರು, ಯಾವ ಸಭೆಯಲ್ಲಿ ಇದನ್ನು ತೀರ್ಮಾನಿಸಿದರು? ನಾನು ಬರೆದ ಪ್ರೋಗ್ರಾಂ, ನನ್ನ ಮನೆಯ ಕಂಪ್ಯೂಟರಿನಲ್ಲಿ, ನಾನೇ ಓಡಿಸಹೋದರೆ ‘ಅನುಮತಿ ಇಲ್ಲ’ ಎಂಬ ಉತ್ತರ. ಹೊಳೆನರಸೀಪುರದ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದವನಿಗೂ ಇದಕ್ಕಿಂತ ಹೆಚ್ಚು ಹಕ್ಕಿದೆ. ಮೂರು ವಾರ ಬಡಿದಾಡಿದೆ. ಸತ್ತ ಕಂಪ್ಯೂಟರಿನ ಹಳೆಯ ಡಿಸ್ಕಿನಿಂದ ಬೇಕಾದ್ದನ್ನಷ್ಟೇ ತಂದೆ, ಕಸವನ್ನು ಅಲ್ಲೇ ಬಿಟ್ಟೆ. ಕೊನೆಗೂ ಓಡಿತು. ಚಿಪ್ಪಿನಲ್ಲಿ ಹಿಂದೆಂದೂ ಸಿಗದಷ್ಟು ಜಾಗ ಸಿಕ್ಕಿತು. ಕನ್ನಡದ ಹೆಸರುಗಳನ್ನು ಸೇರಿಸಿ, ಹೊಸ ಆಜ್ಞೆಗಳನ್ನು ಡೇರಿಯ ಯಂತ್ರಕ್ಕೆ ತುಂಬಿ ಬಂದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆಮೇಲೆ ಬಂದದ್ದು ಸೋಮವಾರ. ನಂಜೇಗೌಡರ ಫೋನು:

“ಸಾ, ನಿಮ್ ಮಿಷಿನ್ಗೆ ಏನೋ ಅವಸರ ಬಂದ್ಬುಟ್ಟದೆ. ಎಂಗಸ್ರು ಆಲು ಉಯ್ದು ಮುಗ್ಸಂಗಿಲ್ಲ, ಚೀಟಿ ಉಗೀತದೆ.”

“ಬೇಗ ಬಂದರೆ ಒಳ್ಳೆಯದೇ ಅಲ್ಲವೇ?”

“ಒಳ್ಳೇದಾ? ಬಂದ್ ನೋಡಿ ಸಾ. ಶನಿವಾರದೊಳ್ಗೆ ಸರಿ ಓಗ್ಲಿಲ್ಲ ಅಂದ್ರೆ ಮಿಷಿನ್ನ ಗೋಣಿಚೀಲ್ದಾಗ್ ಕಟ್ಟಿ ಕಳುಸ್ತೀನಿ.”

ಮರುದಿನ ಬೆಳಗ್ಗೆ ಹೋದೆ. ಆ ಊರಿನಲ್ಲಿ ಹಾಲು ಹುಯ್ದ ಮೇಲೆ ಕ್ಯಾನನ್ನು ಥಟ್ಟನೆ ಎತ್ತುವಂತಿಲ್ಲ. ಬೋರಲು ಹಿಡಿದು, ತಳಕ್ಕೆ ನಾಲ್ಕು ಸಲ ತಟ್ಟಿ, ಕೊನೆಯ ಹನಿ ಬಿದ್ದ ಮೇಲೇ ಎತ್ತಬೇಕು; ಇಲ್ಲದಿದ್ದರೆ ಹಸು ಬತ್ತುತ್ತದೆಂದು ನಂಬಿಕೆ. ಯಂತ್ರ ಮೊದಲ ತಟ್ಟಿಗೇ ಚೀಟಿ ಕೊಡುತ್ತಿತ್ತು. ಇಷ್ಟು ಚುರುಕಾದ ಯಂತ್ರವನ್ನು ಬೈಯುವುದು ಅನ್ಯಾಯವೆನಿಸಿ, “ಸ್ವಲ್ಪ ಬೇಗ ಹುಯ್ಯಿರಿ ಜಯಮ್ಮ” ಎಂದೆ.

“ನಾವ್ಯಾಕಪ್ಪ ಬೇಗ ಉಯ್ಯನ?” ಎಂದರು ಜಯಮ್ಮ. “ಬೆಳಿಗ್ಗೆ ನಾಕಕ್ಕೆದ್ದು ಉಲ್ಲಾಕಿ, ಮೈ ಸವರಿ, ಆಲ್ ಕರ್ಕಂಡ್ ಬಂದಿರದು. ನಿನ್ ಮಿಷಿನ್ ಯಾವ್ ಬಸ್ಸಿಗೋಗ್ಬೇಕು? ಮೊದ್ಲು ತಡೀತಿತ್ತು ಕಣಪ್ಪ. ಕಲ್ತಿದ್ದನ್ನೂ ಮರೆಸ್ಬುಟ್ಟೀಯಲ್ಲ!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಇಬ್ಬರು ಕ್ಯಾನು ಎತ್ತಿಕೊಂಡು ಪಕ್ಕದೂರಿನ ಡೇರಿಯತ್ತ ನಡೆದೇಬಿಟ್ಟರು. ನಂಜೇಗೌಡರು ಅವರ ಬೆನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

ಮನೆಗೆ ಬಂದು, ತಪ್ಪೆಲ್ಲ ಲಿನಕ್ಸಿನದೇ ಎಂದು ಸಾಬೀತು ಮಾಡಲು ಹಳೆಯ ಆಜ್ಞೆಗಳನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಓದಿದೆ. ಹಳೆಯದರಲ್ಲಿ ಒಂದು ಕಡೆ ಯಂತ್ರ ಸುಮ್ಮನೆ ಸಂಖ್ಯೆಗಳನ್ನು ಎಣಿಸುತ್ತಿತ್ತು. ಎಣಿಸಿ ಏನೂ ಮಾಡುತ್ತಿರಲಿಲ್ಲ. ಐದು ಸೆಕೆಂಡು ಹೋಗುತ್ತಿತ್ತು, ಅಷ್ಟೇ. ಹೊಸದರಲ್ಲಿ ಅದು ಇಲ್ಲ. ನನ್ನ ಪ್ರೋಗ್ರಾಂ ಅದನ್ನು ವ್ಯರ್ಥವೆಂದು ಕಿತ್ತಿತ್ತು. ಹಾಗಾದರೆ ಇಷ್ಟು ವರ್ಷ ಯಾಕೆ ಕೀಳಲಿಲ್ಲ? ಕಸವೆಂದು ಬಿಟ್ಟುಬಂದಿದ್ದ ಫೈಲುಗಳನ್ನು ಹಳೆಯ ಡಿಸ್ಕಿನಲ್ಲಿ ಹುಡುಕಿದೆ. ‘ಮುಟ್ಟಬಾರದ್ದು’ ಎಂಬ ಫೈಲೊಂದು ಸಿಕ್ಕಿತು. ಪ್ರೋಗ್ರಾಂ ಏನೇನನ್ನು ಕೀಳಬಾರದೆಂಬ ಪಟ್ಟಿ ಅದು. ಅದರಲ್ಲಿ ಇದ್ದದ್ದು ಎರಡೇ ಸಾಲು. ಎರಡನೆಯದು ನನ್ನ ಹೆಸರು. ಅದನ್ನು ಮಾತ್ರ ನೆನಪಿಟ್ಟುಕೊಂಡು ಹೊಸ ಪ್ರೋಗ್ರಾಮಿಗೆ ಸೇರಿಸಿದ್ದೆ. ಮೊದಲನೆಯದು, ವರ್ಷಗಳ ಹಿಂದೆ ನಾನೇ ಬರೆದದ್ದು: ‘ಜಯಮ್ಮ ಬೈದರು. ಐದು ಸೆಕೆಂಡು ಕಾಯಬೇಕು.’

ಐದು ಸೆಕೆಂಡನ್ನು ವಾಪಸು ಹಾಕಿದೆ. ಕನ್ನಡದ ಹೆಸರುಗಳು ತುಂಬಿದ ಚಿಪ್ಪಿನಲ್ಲಿ ಅಷ್ಟು ಜಾಗವೂ ಉಳಿದಿರಲಿಲ್ಲ. ಒಂದು ಸಾಲು ತೆಗೆಯಬೇಕಾಯಿತು.

ಇಂದು, ಶನಿವಾರ, ಬೆಳಗ್ಗೆ ಆರು ಐವತ್ತಕ್ಕೆ ಜಯಮ್ಮ ಹಾಲು ಹುಯ್ದು, ಕ್ಯಾನಿನ ತಳಕ್ಕೆ ನಾಲ್ಕು ಸಲ ತಟ್ಟಿದರು. ಯಂತ್ರ ಕಾಯಿತು. ಚೀಟಿಯಲ್ಲಿ ಅವರ ಹೆಸರು, ಹಾಲಿನ ತೂಕ ಎರಡೂ ಸರಿಯಾಗಿವೆ. ಅದರ ಕೆಳಗೆ ಏನೂ ಇಲ್ಲ.