ಸಹಾಯ ಮಾಡಬಯಸುವವರ ಗಮನಕ್ಕೆ

ಊರಿಗೆಲ್ಲ ಊಟಕ್ಕೆ ಹೇಳಿ, ಬಂದು ಎಲೆಯ ಮುಂದೆ ಕೂತವರನ್ನು "ಕೈ ತೊಳೆದಿದ್ದೀರಾ? ಎಲ್ಲಿ, ತೋರಿಸಿ" ಎಂದು ಮತ್ತೆ ಮತ್ತೆ ಎಬ್ಬಿಸುವ ಮನುಷ್ಯನನ್ನು ಕಂಡಿದ್ದೀರಾ? ಕಾಣದಿದ್ದರೆ ಅಟ್ಟೂರಿಗೆ ಬನ್ನಿ, ನನ್ನ ಷಡ್ಡಕನನ್ನು ತೋರಿಸುತ್ತೇನೆ. ನನ್ನ ಹೆಂಡತಿಯ ಅಕ್ಕನ ಗಂಡ. ನನಗಂತೂ ಅವನನ್ನು ನೋಡಿ ನೋಡಿ ಸಾಕಾಗಿದೆ.

ಅಟ್ಟೂರು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮನೆತನ. ಹಗಲು ಕಾರ್ಖಾನೆ ಕೆಲಸ. ಉಳಿದ ಹೊತ್ತಿನಲ್ಲಿ, ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಮಾಡಿ, ಯಾರು ಬೇಕಾದರೂ ಬಳಸಿ, ಯಾರು ಬೇಕಾದರೂ ತಿದ್ದಿ ಎಂದು ಅಂತರಜಾಲದಲ್ಲಿ ಪುಕ್ಕಟೆ ಇಟ್ಟಿದ್ದಾನೆ. ತಿದ್ದಿದ್ದನ್ನು ಅವನಿಗೆ ಕಳಿಸಬೇಕು. ಒಪ್ಪಿದರೆ ಮೂಲಕ್ಕೆ ಸೇರಿಸುತ್ತಾನೆ. ಒಪ್ಪಿದರೆ! ಅದಕ್ಕೊಂದು ನಿಯಮಾವಳಿ ಬೇರೆ. ಒಂದು ಸಲಕ್ಕೆ ಒಂದೇ ಬದಲಾವಣೆ. ದೊಡ್ಡದಾದರೆ ಮೊದಲು ಚರ್ಚೆ. ಪರೀಕ್ಷಿಸದೆ ಕಳಿಸಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಬದಲಾವಣೆ ಯಾಕೆ ಬೇಕು ಎಂದು ಬರೆಯಬೇಕು. ಸೇರಿದ ಮೇಲೆ ಆ ಕಾರಣ ಲೋಕಕ್ಕೆಲ್ಲ ಕಾಣುವಂತೆ ಶಾಶ್ವತವಾಗಿ ಉಳಿಯುತ್ತದೆ. ನಿಯಮಾವಳಿ ಓದಿಯೇ ಅರ್ಧ ಜನ ಓಡಿಹೋದರು. ಉಳಿದವರನ್ನು ಅವನೇ ಓಡಿಸಿದ.

ಇದು ಕಂಪ್ಯೂಟರಿನೊಳಗೇ ಇದ್ದಿದ್ದರೆ ನಮಗೇನು ಕಷ್ಟವಿತ್ತು? ಒಮ್ಮೆ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಸಾರು ಎಡವಟ್ಟಾಗಿತ್ತು. ಪುಡಿಯೂ ಹೊಸದು, ಹುಣಸೆಹಣ್ಣೂ ಹೊಸದು ಎಂದು ಅವನ ಹೆಂಡತಿ ಒಪ್ಪಿಕೊಂಡರು.

"ಎರಡೂ ಒಂದೇ ದಿನ ಬದಲಾಯ್ಸಿದ್ರೆ ಕೆಟ್ಟಿದ್ದು ಯಾವುದ್ರಿಂದ ಅಂತ ಎಂಗೆ ಗೊತ್ತಾಗ್ತೈತೆ? ಇವತ್ತು ಪುಡಿ, ನಾಳೆ ಹುಣ್ಸೆಹಣ್ಣು. ಇಂಗೆ ಒಂದೊಂದೇ ಮಾಡ್ಬೇಕು."

"ಹಾಗಾದ್ರೆ ಇವತ್ತು ಅನ್ನ ತಿನ್ನಿ, ಸಾರು ನಾಳೆ ಹಾಕ್ತೀನಿ" ಎಂದರು ಆಕೆ. ಅವನು ಅದನ್ನೂ ಗಂಭೀರವಾಗಿ ಯೋಚಿಸಿದ.

ಅವರ ಗೇಟಿಗೆ ಬಣ್ಣ ಬಳಿಯುವುದು ದೊಡ್ಡ ಬದಲಾವಣೆಯಂತೆ, ಹಾಗಾಗಿ ಇನ್ನೂ ಚರ್ಚೆಯಲ್ಲಿದೆ. ಗೇಟು ತುಕ್ಕು ಹಿಡಿದು ಒಂದು ಕಡೆ ಕಳಚಿಕೊಂಡಿದೆ, ಚರ್ಚೆ ಮಾತ್ರ ಗಟ್ಟಿಮುಟ್ಟಾಗಿದೆ.

ಇಂಥವನ ಕೈಗೆ ನಾನೂ ಸಿಕ್ಕಿಬಿದ್ದೆ. ನಮ್ಮಿಬ್ಬರ ಮಾವನವರು ಚಿಕ್ಕಬಾಣಾವರದಲ್ಲಿ ನಮ್ಮ ಜೊತೆಗಿದ್ದರು. ಬೆಳಿಗ್ಗೆ ಪೇಪರ್ ಹಿಡಿದು, ಪ್ರತಿ ಸುದ್ದಿಗೂ ಒಬ್ಬೊಬ್ಬರನ್ನು ಬೈದು ಕಾಫಿ ಕುಡಿಯುತ್ತಿದ್ದವರು. ಕಣ್ಣು ಹೋದ ಮೇಲೆ ಷಡ್ಡಕನ ತಂತ್ರಾಂಶ ಅವರಿಗೆ ಪೇಪರ್ ಓದುತ್ತಿತ್ತು. ಅದಕ್ಕೋ, ರೈಲು ತಪ್ಪಿಹೋಗುವ ಆತುರ! ಒಂದು ಸುದ್ದಿ ಮುಗಿಯುವ ಮೊದಲೇ ಇನ್ನೊಂದು. ಮಾವ ತಲೆಯಾಡಿಸುತ್ತ ಕೂತಿರುತ್ತಿದ್ದರು. "ಏನಂತೆ ಸುದ್ದಿ?" ಎಂದರೆ "ಎಲ್ಲಾ ಅದೇ ಕಣಪ್ಪ" ಎನ್ನುತ್ತಿದ್ದರು. ಬೈಗುಳ ನಿಂತೇ ಹೋಗಿತ್ತು. ಮನೆ ಬಿಕೋ ಎನ್ನುತ್ತಿತ್ತು.

ನಾನು ಯಲಹಂಕದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು, ಅಷ್ಟಿಷ್ಟು ಬರುತ್ತದೆ. ಓದುವ ವೇಗ ತಗ್ಗಿಸಿ, ಸುದ್ದಿ ಸುದ್ದಿಯ ನಡುವೆ ಬಿಡುವು ಕೊಟ್ಟು ಕಳಿಸಿದೆ. ವಾಪಸ್ ಬಂತು, ಎರಡು ಬದಲಾವಣೆ ಒಟ್ಟಿಗಿವೆ ಎಂದು. ಬಿಡುವೊಂದನ್ನೇ ಕಳಿಸಿದೆ. ಪರೀಕ್ಷೆ ಸಾಲದು ಎಂದು ವಾಪಸ್. ಪರೀಕ್ಷಿಸಿ ಕಳಿಸಿದೆ. ಯಾಕೆ ಬೇಕೆಂದು ಬರೆದಿಲ್ಲ, ವಾಪಸ್. ಫೋನ್ ಮಾಡಿದೆ.

"ಮಾವನಿಗೆ ಕಣ್ರೀ, ಯಾಕೆ ಅಂತ ನಿಮಗೆ ಗೊತ್ತಿಲ್ವಾ?"

"ನಂಗೊತ್ತಿದ್ರೆ ಆಯ್ತಾ ಗುರು? ನಾಳೆ ನೋಡೋರಿಗೆ ಗೊತ್ತಾಗ್ಬೇಕಲ್ಲ. ಬರೀ."

ಬೇಸತ್ತು ಬರೆದೆ: 'ನಮ್ಮ ಮಾವನವರಿಗೆ ವಯಸ್ಸಾಗಿದೆ. ಈ ಓಟಕ್ಕೆ ಅರ್ಥವಾಗುವುದಿಲ್ಲ. ಇನ್ನೊಮ್ಮೆ ಓದಿಸು ಎನ್ನಲು ನಾಚಿಕೆ. ಅರ್ಥವಾದವರಂತೆ ತಲೆಯಾಡಿಸುತ್ತಾರೆ.'

ಮಾರನೆಯ ಬೆಳಿಗ್ಗೆ ಒಂದು ಸುದ್ದಿ ಮುಗಿದು ತಂತ್ರಾಂಶ ಸುಮ್ಮನೆ ನಿಂತಿತು. ಆ ಬಿಡುವಿನಲ್ಲಿ ಮಾವ, "ಇವರ ಮನೆ ಹಾಳಾಗ" ಎಂದು ಯಾರೋ ಮಂತ್ರಿಯನ್ನು ಬೈದರು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಪ್ಪಿದನಲ್ಲ ಪುಣ್ಯಾತ್ಮ ಎಂದು ಅಂತರಜಾಲದಲ್ಲಿ ಆ ಬದಲಾವಣೆಯ ದಾಖಲೆ ತೆಗೆದು ನೋಡಿದೆ. ನಾನು ಬರೆದ ಕಾರಣ ಅಲ್ಲಿರಲಿಲ್ಲ. ಬೇರೆಯವರ ಕೆಲಸವನ್ನು ವಾಪಸ್ ಕಳಿಸುತ್ತಾನೆಯೇ ಹೊರತು ತಾನು ಮುಟ್ಟುವವನಲ್ಲ ಅವನು. ಅಲ್ಲಿ ಇಷ್ಟೇ ಇತ್ತು: 'ಕೇಳುವವರಿಗೆ ಪುರುಸೊತ್ತು ಕೊಡದೆ ಓದಿಸುತ್ತಿದ್ದೆ. ತಪ್ಪು ನನ್ನದು.'

ಮತ್ತೆ ಫೋನ್ ಮಾಡಿದೆ. "ನಾನು ಬರ್ದಿದ್ದನ್ನ ಯಾಕೆ ತೆಗೆದ್ರಿ?"

"ಅಲ್ಲಿ ಒಂದ್ಸಲ ಸೇರಿದ್ದು ಅಂಗೇ ಉಳ್ಕಂತದೆ ಗುರು. ಮಾವೋರಿಗೆ ಅರ್ಥ ಆಗಲ್ಲ ಅಂತ ಲೋಕವೆಲ್ಲ ಓದ್ಬೇಕಾ?"

"ಅದಕ್ಕೆ ತಪ್ಪು ನಿಮ್ಮದು ಅಂತ ಬರ್ಕೊಂಡ್ರಾ?"

"ಅವ್ರು ತಲೆ ಆಡ್ಸೋದು ನಾನೂ ನೋಡಿದ್ದೆ. ಚೆನ್ನಾಗೈತೆ ಅಂತವ್ರೆ ಅನ್ಕೊಂಡು ಖುಷಿಯಾಗಿ ಮನೆಗೆ ಬಂದ್ಬಿಟ್ಟಿದ್ದೆ" ಎಂದ.

ಇಷ್ಟು ವರ್ಷ ಬೈದುಕೊಂಡೇ ಇದ್ದ ಆ ಮನುಷ್ಯನ ಮೇಲೆ ಇದ್ದಕ್ಕಿದ್ದಂತೆ ತುಂಬ ಪ್ರೀತಿ ಬಂತು. ಭಾನುವಾರ ಬೆಳಿಗ್ಗೆಯೇ ಬನ್ನಿ, ಮಾವ ಬೈಯುವುದನ್ನು ಕೇಳುವಿರಂತೆ ಎಂದೆ.