ಒಳಗೆ ನೋಡುವ ಮಾವ

ಮಾವನ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ತೆಂಗಿನಕಾಯಿಯ ಎಕ್ಸ್-ರೇ ಇದೆ. ಕಾಯಿ ಕೆಟ್ಟಿದೆಯೋ ಇಲ್ಲವೋ ಎಂದು ನಾವು ನೀವು ಅಲ್ಲಾಡಿಸಿ ನೋಡುತ್ತೇವೆ. ನನ್ನ ಸೋದರಮಾವ ಲ್ಯಾಬಿಗೆ ಹೊತ್ತೊಯ್ಯುತ್ತಾರೆ. ಯಾವುದರ ಹೊರಮೈಯನ್ನೂ ನಂಬದ ಮನುಷ್ಯ ಜಗತ್ತಿನಲ್ಲಿ ಅವರೊಬ್ಬರೇ!

ನೈರೋಬಿಯಲ್ಲಿ ಅವರಿಗೆ ಸಂಬಳ ಬರುವುದೂ ಇದಕ್ಕೇ. ಹಳೆಯ ಕಂಚಿನ ಮೂರ್ತಿಗಳ ಎಕ್ಸ್-ರೇ ತೆಗೆದು, ಎರಕ ಹೊಯ್ದಾಗ ಲೋಹ ಎಲ್ಲಿ ಸರಾಗವಾಗಿ ಹರಿಯಿತು, ಎಲ್ಲಿ ಗಾಳಿಗುಳ್ಳೆ ಕೂತಿತು, ಯಾವ ಕೈಯನ್ನು ಆಮೇಲೆ ಜೋಡಿಸಿದರು ಎಂದು ಹೇಳುವುದು. ಹೇಳಬೇಡಿ ಎಂದರೂ ಹೇಳುವುದು! ಅಲ್ಲಿನ ಗಿಗಿರಿ ಬಡಾವಣೆಯಲ್ಲಿ ನಮ್ಮನ್ನು ಊಟಕ್ಕೆ ಕರೆದವರೊಬ್ಬರು ತಮ್ಮ 'ಪುರಾತನ' ನಟರಾಜನನ್ನು ಹೆಮ್ಮೆಯಿಂದ ಪರೀಕ್ಷೆಗೆ ಕೊಟ್ಟರು. ಮುಂದಿನ ಊಟದಲ್ಲಿ ಮಾವ ಪಾಯಸಕ್ಕೂ ಮೊದಲೇ ವರದಿ ಒಪ್ಪಿಸಿದರು. ಹಿಂದಿರುಗುವಾಗ ಕಾರಿನಲ್ಲಿ ಅತ್ತೆ, "ಅನ್ನ ಹಾಕಿದ ಮನೆ ರೀ," ಎಂದರು.

"ಒಳಗೆ ಸ್ಕ್ರೂ ಇತ್ತು ಕಣೇ."

ಆ ಮನೆಯ ಪಾಯಸ ನಮಗೆ ಮತ್ತೆ ಸಿಕ್ಕಿಲ್ಲ.

ಇಂಥವರ ಕೈಗೆ ಅತ್ತೆ ತಮ್ಮ ತಾಯಿ ಕೊಟ್ಟ ಅಂಬೆಗಾಲು ಕೃಷ್ಣನನ್ನು ಮಾತ್ರ ಕೊಟ್ಟಿರಲಿಲ್ಲ. ಮಾವ ಕೇಳದ ವರ್ಷವಿಲ್ಲ, ಅತ್ತೆ ಬೈಯದ ವರ್ಷವಿಲ್ಲ. ಆದರೆ ಹೋದ ತಿಂಗಳು ಕಿಲೆಲೆಶ್ವಾದಿಂದ ಕರೆನ್ ಬಡಾವಣೆಗೆ ಮನೆ ಬದಲಿಸುವಾಗ ಆ ಗೇಣುದ್ದದ ಕೃಷ್ಣ ಜಾರಿ ನೆಲಕ್ಕೆ ಬಿದ್ದ. ಹೊರಗೆ ಒಂದು ಗೀರೂ ಇಲ್ಲ. ಒಳಗೆ ಬಿರುಕು ಬಿಟ್ಟಿದ್ದರೆ? ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದು, ನೀರಿಗೆ ಬಿಡಬೇಕು ಎಂಬುದು ಅತ್ತೆಯ ತವರಿನ ಕಟ್ಟುನಿಟ್ಟು. ಕೊನೆಗೆ ಅವರೇ ಕೃಷ್ಣನನ್ನು ರವಿಕೆ ಕಣದಲ್ಲಿ ಸುತ್ತಿ ಮಾವನ ಕೈಗಿಟ್ಟರು.

"ಏನಿದ್ರೂ ನಿಜಾನೇ ಹೇಳಿ."

ಇದನ್ನು ಮಾವನಿಗೆ ಹೇಳಿಕೊಡಬೇಕೇ?

ಲ್ಯಾಬಿಗೆ ನಾನೂ ಹೋಗಿದ್ದೆ. ಪರದೆಯ ಮೇಲೆ, ಬೆಣ್ಣೆ ಹಿಡಿದು ಮೇಲೆತ್ತಿದ ಕೈಯ ಮೊಣಕೈಯಲ್ಲಿ ಒಂದು ಗೆರೆ ನನಗೂ ಕಾಣಿಸಿತು. ಮಾವ ಬಹಳ ಹೊತ್ತು ನೋಡಿದರು. ಅದು ಹಳೆಯದಂತೆ, ಯಾವ ಕಾಲದಲ್ಲೋ ಕೈ ಮುರಿದು, ಯಾರೋ ಮತ್ತೆ ಎರಕ ಹೊಯ್ದು ಕೂಡಿಸಿದ್ದರಂತೆ. ಈಗ ಬಿದ್ದದ್ದಕ್ಕೆ ಹೊಸ ಬಿರುಕು ಎಲ್ಲೂ ಇರಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಇನ್ನು ಅರ್ಧ ಗಂಟೆಯ ಉಪನ್ಯಾಸ ಎಂದುಕೊಂಡೆ.

"ಬಿದ್ದಿದ್ರಿಂದ ಏನೂ ಆಗಿಲ್ಲ ಕಣೇ. ಹೂ ಮುಡಿಸು," ಎಂದರು ಮಾವ. ಅಷ್ಟೇ.

ಅತ್ತೆ ಕೃಷ್ಣನನ್ನು ಎದೆಗೊತ್ತಿಕೊಂಡು ಒಳಗೆ ಹೋದರು. ನಾನು ಮಾವನ ಮುಖ ನೋಡಿದೆ.

"ಕೂಡಿಸಿದವರೂ ಪೂಜೆಗೇ ಅಲ್ವೇನಮ್ಮ ಕೂಡಿಸಿದ್ದು," ಎಂದರು ಮೆಲ್ಲಗೆ.

ಮರುದಿನ ಬೆಳಿಗ್ಗೆ ಅಭಿಷೇಕಕ್ಕೆ ಕೃಷ್ಣನನ್ನು ನಾನೇ ಎತ್ತಿಕೊಟ್ಟೆ. ಅವನ ಬೆಣ್ಣೆಯ ಕೈ ಹಿಡಿಯಲಿಲ್ಲ, ಕೂಸನ್ನು ಎತ್ತುವಂತೆ, ಸೊಂಟಕ್ಕೆ ಎರಡೂ ಕೈ ಕೊಟ್ಟು.